ಸಹಾಯ ಬೇಕು: ಶ್ರೀಲಂಕಾಕ್ಕೆ ಹಡಗಿನಲ್ಲಿ ಹೊರಟಿದ್ದೇವೆ, ಅವ್ವನಿಗೆ ವಾಂತಿಯ ಭಯ

ಎಲ್ಲರಿಗೂ ನಮಸ್ಕಾರ ರೀ. ನಾವು ಗಂಗಾವತಿಯವರು. ಅವ್ವನನ್ನು ಕರೆದುಕೊಂಡು ನಾಗಪಟ್ಟಣಂನಿಂದ ಶ್ರೀಲಂಕಾದ ಕಾಂಕೇಸಂತುರೈಗೆ ಹಡಗಿನಲ್ಲಿ ಹೋಗುವವರಿದ್ದೇವೆ. ಜಾಫ್ನಾದ ನಲ್ಲೂರು ಮುರುಗನ್ ಗುಡಿ ನೋಡಬೇಕು ಅನ್ನುವುದು ಅವ್ವನ ಬಹಳ ದಿನದ ಆಸೆ.

ಸಮುದ್ರದ ಮೇಲೆ ಸುಮಾರು 4 ತಾಸು. ಅವ್ವನಿಗೆ 64 ವರ್ಷ. ಬಸ್ಸಿನಲ್ಲೇ ನಿಂಬೆಹಣ್ಣು ಮೂಸುತ್ತಾ ಕೂರುತ್ತಾಳೆ. ಆನೆಗುಂದಿ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟುವಾಗಲೂ ತಲೆ ತಿರುಗಿ ಕಣ್ಣು ಮುಚ್ಚಿಬಿಟ್ಟಿದ್ದಳು. ಹೊಳೆಯಲ್ಲೇ ಹೀಗಾದರೆ ಸಮುದ್ರದಲ್ಲಿ ಹೇಗೆ ಅಂತ ನನಗೆ ನಿಜಕ್ಕೂ ಚಿಂತೆ ಹತ್ತಿದೆ.

ಕಿವಿಯ ಒಳಭಾಗ ಹಡಗು ಅಲುಗುತ್ತಿದೆ ಅನ್ನುತ್ತದೆ, ಕಣ್ಣು ಎದುರಿನ ಗೋಡೆ ನೋಡಿ ಎಲ್ಲಾ ನಿಂತಿದೆ ಅನ್ನುತ್ತದೆ. ಆ ಗೊಂದಲಕ್ಕೇ ವಾಂತಿಯಂತೆ. ಅದಕ್ಕೇ ಹಡಗಿನ ನಡುಭಾಗದಲ್ಲಿ ಕೂರಿಸಿ, ದೂರದಲ್ಲಿ ನೀರು ಆಕಾಶ ಕೂಡುವ ಕಡೆ ನೋಡಲು ಹೇಳಬೇಕು ಅಂತ ಓದಿದ್ದೇನೆ. ವಾಂತಿ ತಡೆಯುವ ಅವೋಮಿನ್ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ಕೊಡಬೇಕು, ಆಮೇಲೆ ಕೊಟ್ಟರೆ ಅಷ್ಟು ಉಪಯೋಗ ಇಲ್ಲ. ಅದರಿಂದ ನಿದ್ದೆ ಜಾಸ್ತಿ ಬರುತ್ತದೆ ಅಲ್ವಾ? ಅವ್ವ ಬಿಪಿ, ಶುಗರ್ ಗುಳಿಗೆ ತಗೊಳ್ಳುವುದರಿಂದ ಡಾಕ್ಟರನ್ನು ಕೇಳಿಯೇ ಕೊಡುತ್ತೇನೆ.

ಈ ದಾರಿಯಲ್ಲಿ ಹೋಗಿಬಂದವರು ಯಾರಾದರೂ ಇದ್ದೀರಾ? ಬೆಳಿಗ್ಗೆ ಏನು ತಿನ್ನಿಸಿದಿರಿ? ಶುಗರ್ ಇರುವುದರಿಂದ ಖಾಲಿ ಹೊಟ್ಟೆಯಲ್ಲಿ ಇರಿಸುವಂತಿಲ್ಲ. ಶುಂಠಿ ನಿಮಗೆ ಕೆಲಸ ಮಾಡಿತಾ? ನಡುಭಾಗದ ಸೀಟು ಕೇಳಿದರೆ ಕೊಡುತ್ತಾರಾ? ಈ ವಾರವೇ ಟಿಕೆಟ್ ತೆಗೆಸಬೇಕು, ದಯವಿಟ್ಟು ತಿಳಿಸಿ.