ಗೊನೊರಿಯಾ: ನನಗೆ ವಾಸಿಯಾಗಿದೆ, ಹೆಂಡತಿಗೆ ಏನೂ ತೊಂದರೆ ಇಲ್ಲ, ಆದರೂ ಟೆಸ್ಟ್ ಬೇಕಾ?

ಹೊಸಬ: ಮೂತ್ರ ಮಾಡುವಾಗ ವಿಪರೀತ ಉರಿ, ಜೊತೆಗೆ ಹಳದಿ ಕೀವು. ಡಾಕ್ಟರ್ ಗೊನೊರಿಯಾ, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಅಂತ ಹೇಳಿ ಇಂಜೆಕ್ಷನ್ ಕೊಟ್ಟರು, ಈಗ ಆರಾಮಾಗಿದ್ದೇನೆ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂತಿದ್ದಾರೆ. ಅವಳಿಗೆ ಉರಿ ಇಲ್ಲ, ನೋವಿಲ್ಲ. ಸುಮ್ನೆ ಗಾಬರಿಪಡಿಸೋದು ಯಾಕೆ? ಒಂದು ಸಲ ಬಂದು ಹೋದ ಮೇಲೆ ಮತ್ತೆ ಬರಲ್ಲ ಅಲ್ವಾ?

ಲ್ಯಾಬ್ ಕೆಲಸದವಳು: ಖಂಡಿತ ಕರೆದುಕೊಂಡು ಹೋಗಿ. ಗಂಡಸರಿಗೆ ಸಾಮಾನ್ಯವಾಗಿ ವಾರದೊಳಗೆ ಉರಿ, ಕೀವು ಕಾಣಿಸುತ್ತದೆ. ಹೆಂಗಸರಲ್ಲಿ ಎಷ್ಟೋ ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ಗೊತ್ತಾಗದೆ ಇರುವಾಗಲೇ ಸೋಂಕು ಗರ್ಭಕೋಶ ದಾಟಿ ಅಂಡನಾಳಕ್ಕೆ ಹೋಗಬಹುದು, ಅಲ್ಲಿ ಗಾಯದ ಕಲೆ ಉಳಿದರೆ ಮುಂದೆ ಮಕ್ಕಳಾಗುವುದು ಕಷ್ಟ, ಇಲ್ಲವೇ ಗರ್ಭ ನಾಳದಲ್ಲೇ ನಿಂತು ಜೀವಕ್ಕೆ ಅಪಾಯ. ಹೆರಿಗೆ ಸಮಯದಲ್ಲಿ ಸೋಂಕಿದ್ದರೆ ಮಗುವಿನ ಕಣ್ಣಿಗೂ ತಗಲುತ್ತದೆ, ಬೇಗ ಚಿಕಿತ್ಸೆ ಆಗದಿದ್ದರೆ ದೃಷ್ಟಿಯೇ ಹೋಗಬಹುದು.

ಮತ್ತೆ ಬರಲ್ಲ ಅನ್ನುವುದು ತಪ್ಪು. ನಿಮ್ಮಂಥವರ ಕೀವಿಗೆ ಬಣ್ಣ ಹಾಕಿ ಸ್ಲೈಡ್ ನೋಡಿದರೆ ಈ ರೋಗದ ಬ್ಯಾಕ್ಟೀರಿಯಾ ಗುಲಾಬಿ ಬಣ್ಣದಲ್ಲಿ ಜೋಡಿ ಜೋಡಿಯಾಗಿ ಕಾಣುತ್ತವೆ, ಎರಡು ಕಾಫಿ ಬೀಜ ಎದುರುಬದುರು ಇಟ್ಟ ಹಾಗೆ. ಬಹಳಷ್ಟು ಬಿಳಿ ರಕ್ತಕಣದ ಒಳಗೇ ಕೂತಿರುತ್ತವೆ, ಅಂದರೆ ನುಂಗಲು ಬಂದ ಕಣದಲ್ಲೇ ಕೆಲವು ಬದುಕಿರುತ್ತವೆ! ಜರ್ಮನ್ ವೈದ್ಯ ಆಲ್ಬರ್ಟ್ ನೈಸರ್ 1879ರಲ್ಲಿ ಗುರುತಿಸಿದ್ದು ಈ ಬ್ಯಾಕ್ಟೀರಿಯಾವನ್ನೇ. ಅದರ ಮೈಮೇಲೆ ಸಣ್ಣ ಎಳೆಗಳಿರುತ್ತವೆ, ನಮ್ಮ ಒಳಪದರಕ್ಕೆ ಅಂಟಿಕೊಳ್ಳುವುದು ಅವುಗಳಿಂದಲೇ, ಆ ಎಳೆಗಳ ರೂಪವನ್ನು ಅದು ಪದೇ ಪದೇ ಬದಲಾಯಿಸುತ್ತಿರುತ್ತದೆ. ಹಾಗಾಗಿ ದೇಹಕ್ಕೆ ಅದರ ಗುರುತು ನಿಲ್ಲುವುದಿಲ್ಲ. ಹತ್ತು ಸಲ ಬೇಕಾದರೂ ಬರಬಹುದು.

ಹೊಸಬ: ಓಹ್. ಹಾಗಾದರೆ ಮೆಡಿಕಲ್ ಶಾಪ್‌ನಲ್ಲಿ ಯಾವುದಾದರೂ ಆಂಟಿಬಯೋಟಿಕ್ ಮಾತ್ರೆ ತಂದು ಅವಳಿಗೆ ಕೊಟ್ಟರೆ ಸಾಕಾ?

ನಿಧಾನಿ: ದಯವಿಟ್ಟು ಆ ಕೆಲಸ ಮಾಡಬೇಡಿ. ಸಲ್ಫಾ ಮಾತ್ರೆ, ಪೆನ್ಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲೊಕ್ಸಾಸಿನ್, ಒಂದಾದ ಮೇಲೊಂದು ಎಲ್ಲವನ್ನೂ ಈ ಬ್ಯಾಕ್ಟೀರಿಯಾ ಅರಗಿಸಿಕೊಂಡಿದೆ. ಈಗ ಹೆಚ್ಚಿನ ಕಡೆ ಮೊದಲ ಆಯ್ಕೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅದಕ್ಕೂ ಜಗ್ಗದ ತಳಿಗಳು ಅಲ್ಲಲ್ಲಿ ಸಿಕ್ಕಿವೆ. ಗೊತ್ತಿಲ್ಲದ ಮಾತ್ರೆ ನುಂಗಿಸಿದರೆ ಅವರ ಸೋಂಕು ಹೋಗದೇ ಉಳಿಯಬಹುದು, ಟೆಸ್ಟ್‌ನಲ್ಲೂ ಗೊಂದಲ ಆಗಬಹುದು. ಕ್ಲಮಿಡಿಯಾ ಅನ್ನುವ ಇನ್ನೊಂದು ಲೈಂಗಿಕ ಸೋಂಕು ಕೂಡ ಎಷ್ಟೋ ಸಲ ಜೊತೆಯಲ್ಲೇ ಇರುತ್ತದೆ, ಅದಕ್ಕೆ ಔಷಧಿ ಬೇರೆ. ಎರಡನ್ನೂ ನೋಡಿಸಿ. ಜೊತೆಗೆ ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಇಬ್ಬರೂ ಮಾಡಿಸಿ.

ಹೊಸಬ: ಅವಳಿಗೆ ಹೇಗೆ ಹೇಳಲಿ ಅಂತಲೇ ತಿಳಿಯುತ್ತಿಲ್ಲ.

ಲ್ಯಾಬ್ ಕೆಲಸದವಳು: ಕಷ್ಟ ಅರ್ಥವಾಗುತ್ತದೆ. ಆದರೆ ಅವರ ಆರೋಗ್ಯದ ವಿಷಯ ಅವರಿಂದ ಮುಚ್ಚಿಡಬಾರದು. "ನನಗೆ ಸೋಂಕಿತ್ತು, ನಿನಗೂ ತಗಲಿರಬಹುದು, ಟೆಸ್ಟ್ ಮಾಡಿಸೋಣ" ಅಂತ ನೇರವಾಗಿ ಹೇಳಿ, ಬೇಕಿದ್ದರೆ ಡಾಕ್ಟರ್ ಎದುರಲ್ಲೇ ಮಾತಾಡಿ. ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಆಗುವವರೆಗೆ ಸೇರಬೇಡಿ, ಇಲ್ಲದಿದ್ದರೆ ನಿಮಗೇ ವಾಪಸ್ ಬರುತ್ತದೆ. 3 ತಿಂಗಳ ನಂತರ ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.