ಸಹಾಯ ಬೇಕು: ಕೆಟ್ಟ ಮಿಕ್ಸಿ ವಾಪಸ್ ಕೇಳಿದ್ದಕ್ಕೆ ಠಾಣೆಯಲ್ಲಿ ಮುಚ್ಚಳಿಕೆ

ಎಲ್ಲರಿಗೂ ನಮಸ್ಕಾರ. ಗ್ರೂಪಿನಲ್ಲಿ ವಕೀಲರು, ಗ್ರಾಹಕರ ಆಯೋಗದಲ್ಲಿ ಕೇಸು ನಡೆಸಿದವರು ಇದ್ದರೆ ದಯವಿಟ್ಟು ಓದಿ.

ಕಳೆದ ವಾರ ಊರಿನ ಅಂಗಡಿಯೊಂದರಲ್ಲಿ ಮಿಕ್ಸಿ ತಗೊಂಡೆ. ದೋಸೆಗೆ ಅಕ್ಕಿ ಹಾಕಿ ತಿರುಗಿಸಿದರೆ ಸುಟ್ಟ ವಾಸನೆ, ಜಾರಿನ ಬುಡದಿಂದ ಹೊಗೆ. ವಾಪಸ್ ಒಯ್ದರೆ ಮಾಲೀಕರು ಬಿಲ್ಲಿನ ಕೆಳಗಿನ ನೀಲಿ ಮುದ್ರೆ ತೋರಿಸಿದರು: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’. ನಾನು ಅಲ್ಲಿಂದ ಕದಲಲಿಲ್ಲ. ಅವರು ಪೊಲೀಸರನ್ನು ಕರೆಸಿದರು! ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್ರಮ್ಮ’ ಅಂದರು. ಸಿವಿಲ್ ಆದರೆ ನನ್ನಿಂದ ‘ಅಂಗಡಿಗೆ ಹೋಗಿ ಗಲಾಟೆ ಮಾಡುವುದಿಲ್ಲ’ ಅಂತ ಮುಚ್ಚಳಿಕೆ ಯಾಕೆ ಬರೆಸಿಕೊಂಡರೋ! ಪ್ರತಿ ಕೇಳಿದ್ದಕ್ಕೆ ಕೊಡಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ.

ನನ್ನ ಗೊಂದಲ ಇಷ್ಟು. ಆ ಮುಚ್ಚಳಿಕೆ ಆಯೋಗದಲ್ಲಿ ನನಗೆ ಮುಳುವಾಗುತ್ತಾ? ಅದರ ಪ್ರತಿಗೆ ಮಾಹಿತಿ ಹಕ್ಕು ಅರ್ಜಿ ಹಾಕಲಾ, ಅಥವಾ ಮೊದಲು ಎಸ್‌ಪಿ ಕಚೇರಿಗೆ ಬರೆಯಲಾ? ವಕೀಲರಿಲ್ಲದೆ ನಾನೇ ವಾದಿಸಬಹುದು ಅಂತಾರೆ. ಹಾಗೆ ಮಾಡಿದವರು ದೂರಿನ ಮಾದರಿ ಕಳಿಸಿದರೆ ಉಪಕಾರ. ‘ಬಿಟ್ಟಾಕಿ ಅಕ್ಕಾ’ ಅನ್ನುವ ಸಲಹೆ ಮನೆಯಲ್ಲೇ ಸಾಕಷ್ಟು ಸಿಕ್ಕಿದೆ.