ಟೊಯೋಟಾ ಲೆಕ್ಕ ಲಡಾಖ್‌ನಲ್ಲಿ ನಡೆಯುತ್ತಾ? (ಪ್ರಶ್ನೋತ್ತರ)

ಹುಬ್ಬಳ್ಳಿ ಸದಸ್ಯ: ಸರ್, ನಾನು ಖಾಸಗಿ ಗೋದಾಮು ಕಂಪನಿಯಲ್ಲಿದ್ದೇನೆ. ಲಡಾಖ್‌ನ ಸೇನಾ ಗೋದಾಮುಗಳಿಗೆ ಯೋಜನೆ ಬರೆಯುತ್ತಿದ್ದೇವೆ. ಟೊಯೋಟಾದವರ ಹಾಗೆ ಬೇಕಾದಾಗ ಬೇಕಾದಷ್ಟೇ ತರಿಸಿದರೆ ದಾಸ್ತಾನು ಅರ್ಧಕ್ಕೆ ಇಳಿಸಬಹುದು ಅಲ್ವಾ?

ಉತ್ತರ (ಸೇನಾ ಸರಬರಾಜು ವಿಭಾಗದ ನಿವೃತ್ತ ಅಧಿಕಾರಿ): ಓದಿ ಗಾಬರಿಯಾಯಿತು, ಅದಕ್ಕೇ ಉದ್ದ ಬರೆಯುತ್ತೇನೆ. ಕಾರು ಕಾರ್ಖಾನೆಗೆ ನಾಳೆ ಎಷ್ಟು ಬೋಲ್ಟ್ ಬೇಕು ಅಂತ ಇವತ್ತೇ ಗೊತ್ತಿರುತ್ತದೆ. ಶ್ರೀನಗರದಿಂದ ಲಡಾಖ್‌ಗೆ ಹೋಗುವ ಲಾರಿ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಎಂಬ ಕಣಿವೆದಾರಿ ದಾಟಬೇಕು. ಹಿಮ ಬಿದ್ದು ಮುಚ್ಚಿದರೆ ಯಾವತ್ತು ತೆರೆಯುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅದಕ್ಕೇ ಚಳಿಗಾಲದ ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ಮೊದಲೇ ಮೇಲೇರಿರಬೇಕು. ಅಂಗಡಿಯಲ್ಲಿ ಸಾಮಾನಿಲ್ಲದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಅಲ್ಲಿ ಪಕ್ಕದಂಗಡಿ ಎಲ್ಲಿದೆ? ಮದ್ದುಗುಂಡಿನದು ಇನ್ನೂ ಕಷ್ಟ. ವರ್ಷಗಟ್ಟಲೆ ಖರ್ಚೇ ಇರುವುದಿಲ್ಲ, 1999ರ ಕಾರ್ಗಿಲ್ ತರಹ ಆದರೆ ರಾತ್ರೋರಾತ್ರಿ ಬೇಕು. ಹೋದ ವರ್ಷದ ಮಾರಾಟ ನೋಡಿ ಅಂದಾಜು ಹಾಕುವ ಸಾಫ್ಟ್‌ವೇರ್ ಅಲ್ಲಿ ಏನು ಹೇಳೀತು?

ಹಾಗಂತ ಸುಮ್ನೆ ರಾಶಿ ಹಾಕಿದರೂ ಆಗುವುದಿಲ್ಲ. 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸುಮಾರು 40,000 ಕಂಟೇನರ್ ಕಳಿಸಿತು. ಒಳಗೇನಿದೆ ಗೊತ್ತಾಗದೆ ಅರ್ಧಕ್ಕಿಂತ ಜಾಸ್ತಿ ಬಿಚ್ಚಿ ನೋಡಬೇಕಾಯಿತು. ಸಿಗದ ಸಾಮಾನನ್ನು ಮತ್ತೆ ಮತ್ತೆ ಕೇಳಿದರು, ರಾಶಿ ಇನ್ನೂ ಬೆಳೆಯಿತು. ಬಿಚ್ಚದೆಯೇ ಒಳಗೇನಿದೆ ಅಂತ ತಿಳಿಸುವ ರೇಡಿಯೋ ಟ್ಯಾಗ್ ಹಚ್ಚುವುದನ್ನು ಅವರು ಕಲಿತಿದ್ದು ಆಮೇಲೆ. ನಿಮ್ಮವರು ಕೊಡಬೇಕಾದದ್ದೂ ಅದೇ: ಯಾವ ಪೆಟ್ಟಿಗೆ ಎಲ್ಲಿದೆ, ಯಾವುದರ ಅವಧಿ ಮೊದಲು ಮುಗಿಯುತ್ತದೆ. ದಾಸ್ತಾನು ಇಳಿಸುವ ಸಾಲನ್ನು ದಯವಿಟ್ಟು ತೆಗೆಯಿರಿ.

ತುಮಕೂರು ಸದಸ್ಯ: ಅಮೆಜಾನ್ ಒಂದೇ ದಿನದಲ್ಲಿ ತಲುಪಿಸುತ್ತದೆ, ಸೇನೆಗೆ ಯಾಕಾಗಲ್ಲ ಅಂತ ಫಾರ್ವರ್ಡ್ ಬಂದಿದೆ.

ಉತ್ತರ: ಮೇಲೆ ಬರೆದಿದ್ದೇನೆ. ಓದಿ.

ಹಾಸನ ಸದಸ್ಯೆ: ಮಗ ಬಿಕಾಂ ಮುಗಿಸಿದ್ದಾನೆ. ಬೆಂಗಳೂರಿನ ಎಎಸ್‌ಸಿ (ಸೇನಾ ಸರಬರಾಜು ವಿಭಾಗ) ಸೆಂಟರ್‌ಗೆ ಸೇರುವುದು ಹೇಗೆ ಸರ್?

ಶಿವಮೊಗ್ಗ ಸದಸ್ಯ: ಚಳಿಗೆ ಡೀಸೆಲ್ ಗಟ್ಟಿಯಾದರೆ ಟ್ಯಾಂಕ್ ಕೆಳಗೆ ಬೆಂಕಿ ಹಾಕಿದರೆ ಸಾಕು, ಈ ವಿಡಿಯೋ ನೋಡಿ.

ಉತ್ತರ: ಯಾರೂ ಮಾಡಬೇಡಿ! ಲಾರಿ ಜೊತೆ ಡ್ರೈವರೂ ಸುಟ್ಟುಹೋಗುತ್ತಾನೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ 2019ರಲ್ಲೇ ಲಡಾಖ್‌ಗೆ ಬಂದಿದೆ. ಇಂಥ ವಿಡಿಯೋ ಇಲ್ಲಿ ಹಾಕಬೇಡಿ ಅಂತ ಮೂರನೇ ಸಲ ಹೇಳುತ್ತಿದ್ದೇನೆ.

ಮಂಗಳೂರು ಸದಸ್ಯ: ಮನಾಲಿಯಿಂದ ಲಡಾಖ್‌ಗೆ ಹೋಗುವ ಇನ್ನೊಂದು ರಸ್ತೆಯಲ್ಲಿ ಅಟಲ್ ಸುರಂಗ ಬಂದಮೇಲೆ ದಾರಿ ಮುಚ್ಚುವ ಮಾತೇ ಇಲ್ಲ. ಹಳೇ ಕಥೆ ಯಾಕೆ?

ಬೆಳಗಾವಿ ಸದಸ್ಯ: ಆ 9.02 ಕಿ.ಮೀ. ಸುರಂಗ ರೋಹ್ತಾಂಗ್ ಕಣಿವೆದಾರಿಯನ್ನು ಮಾತ್ರ ದಾಟಿಸುತ್ತದೆ. ಮುಂದೆ ಬಾರಾಲಾಚಾ ಲಾ ಅನ್ನೋ ಇನ್ನೊಂದು ಕಣಿವೆದಾರಿ ಇದೆ, ಅದೂ ಹಿಮಕ್ಕೆ ಮುಚ್ಚುತ್ತದೆ.

ಮಂಗಳೂರು: ನೀವು ಹೋಗಿದ್ದೀರಾ?

ಬೆಳಗಾವಿ: ಅದೇ ರಸ್ತೆಯಲ್ಲಿ ಆರು ವರ್ಷ ಲಾರಿ ಓಡಿಸಿದ್ದೇನೆ. ನೀವು?

ಮಂಗಳೂರು: ಎಲ್ಲ ನಿಮಗೊಬ್ಬರಿಗೇ ಗೊತ್ತು ಬಿಡಿ.

ಉತ್ತರ: ಬೆಳಗಾವಿಯವರು ಹೇಳಿದ್ದು ಸರಿ. ಜಗಳ ಬೇರೆ ಕಡೆ ಆಡಿ.

ಹುಬ್ಬಳ್ಳಿ: ಸರ್, ಆ ಸಾಲು ತೆಗೆದರೆ ಉಳಿತಾಯ ಎಲ್ಲಿ ತೋರಿಸುವುದು ಅಂತ ಮ್ಯಾನೇಜರ್ ಕೇಳುತ್ತಿದ್ದಾರೆ.

ಉತ್ತರ: ಅವಧಿ ಮೀರಿ ಎಸೆಯುವ ಸಾಮಾನು, ಎರಡೆರಡು ಸಲ ತರಿಸಿದ ಬಿಡಿಭಾಗ, ಅದರ ಲೆಕ್ಕ ತೋರಿಸಿ. ಒಪ್ಪದಿದ್ದರೆ ನಾನೇ ಅವರ ಹತ್ತಿರ ಮಾತಾಡುತ್ತೇನೆ.